ಎರಡು ಸಲ ಜಗ್ಗಿದ ದಾರ

ಮಂತ್ರದಿಂದ ಜ್ವರ ಇಳಿಯುತ್ತದೆ ಎಂದವರ ಮುಖದ ಮೇಲೆಯೇ ನಕ್ಕವಳು ನಾನು. ಈಗಲೂ ಮಂತ್ರದಿಂದಲೇ ಇಳಿಯಿತು ಎಂದು ಹೇಳುವುದಿಲ್ಲ. ಶಾಲೆ ಹೆಚ್ಚು ಕಲಿತವಳಲ್ಲ, ಸುಳ್ಳು ಹೇಳಿ ದೊಡ್ಡವಳಾಗುವ ಚಟವೂ ಇಲ್ಲ. ನನ್ನ ಕೈಗೆ ಆದದ್ದನ್ನಷ್ಟೇ ಬರೆಯುತ್ತೇನೆ. ನಂಬಿದರೆ ನಂಬಿ, ಇಲ್ಲದಿದ್ದರೆ ಬಿಡಿ.

ಪುಣೆಯ ಧನಕವಡಿಯಲ್ಲಿ ನಾನು, ಮಗಳು ಸುಮಿತ್ರಾ ಹೂವಿನ ಅಂಗಡಿ ಇಟ್ಟಿದ್ದೇವೆ. ಅವಳು ಎದುರಿಗೆ ಕೂತು ಹಾರ ಕಟ್ಟುತ್ತಾಳೆ. ದಾರದ ಉಂಡೆ ನನ್ನ ಮಡಿಲಲ್ಲಿ. ದಾರ ಬಿಗಿಯಾದರೆ ಬಾಯಿ ಬಿಟ್ಟು ಹೇಳುವುದಿಲ್ಲ. ಗಿರಾಕಿಯ ಜೊತೆ ಮರಾಠಿ ಮಾತಾಡುತ್ತಲೇ ಎರಡು ಸಲ ಜಗ್ಗುತ್ತಾಳೆ. ಸಡಿಲ ಬಿಡು ಎಂದರ್ಥ. ನಾನು ಹೂವು ಆರಿಸುತ್ತಾ, ತಲೆ ಎತ್ತದೆ ಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಸುಮಿತ್ರಾಗೆ ಜ್ವರ ನೆತ್ತಿಗೇರಿ ಎಚ್ಚರ ತಪ್ಪಿತು. ಇವತ್ತಿನ ಸಂಜೆ ದಾಟಿದರೆ ಉಳಿದಳು ಎಂದುಬಿಟ್ಟರು ಆಸ್ಪತ್ರೆಯ ಡಾಕ್ಟರು. ಅಳಿಯ ಅಲ್ಲೇ ಬಾಗಿಲ ಹೊರಗೆ ಕೂತ. ಕಾಲು ಬಾತಿದ್ದ ನನ್ನನ್ನು ಮನೆಗೆ ಅಟ್ಟಿದ.

ಪಕ್ಕದ ಮನೆಯ ಕಮಲವ್ವ ನಮ್ಮ ಕಲಬುರಗಿ ಕಡೆಯವಳೇ, ಬೌದ್ಧಳು. ಕಷ್ಟ ಬಂದವರನ್ನು ಕಾಯಲೆಂದು ಅವರ ಮಂದಿ ಕೂಡಿ ಪರಿತ್ರಾಣ ಪಾಠ ಹೇಳುತ್ತಾರೆ. ಅದೇ ಸಂಜೆ ನನ್ನ ಮಗಳಿಗಾಗಿ ಅದನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ಕರೆಯಲು ಬಂದಳು. ನನಗೆ ರೇಗಿತು.

"ನಿಮ್ಮ ಬುದ್ಧ ಕಣ್ಣು ಮುಚ್ಚಿ ಕುಂತಾನ. ನನ್ನ ಮಗಳನ್ನ ಯಾವಾಗ ನೋಡ್ತಾನ?" ಎಂದೆ.

"ನೀ ಕಣ್ಣು ತೆರಕೊಂಡು ಏನ್ ಕಡದು ಗುಡ್ಡಿ ಹಾಕಿದಿ? ಸುಮ್ನ ಬಂದು ಕುಂಡ್ರು," ಎಂದಳು ಕಮಲವ್ವ. ಗೊಣಗುತ್ತಾ ಎದ್ದೆ. ಹೋದೆ.

ಬುದ್ಧನ ಮೂರ್ತಿಯ ಮುಂದೆ ನೀರಿನ ಬಿಂದಿಗೆ. ಅದರ ಕೊರಳಿಗೆ ಸುತ್ತಿದ ಬಿಳಿ ದಾರ ಕೂತವರೆಲ್ಲರ ಕೈ ಹಾದು, ಬಾಗಿಲ ಬಳಿ ಕೊನೆಗೆ ಕೂತ ನನ್ನ ಕೈಗೆ ಬಂತು. ಮಿಕ್ಕ ತುದಿ ನನ್ನ ಹಿಂದೆ ಹೊಸ್ತಿಲ ಒಳಗೆ ಬಿದ್ದಿತ್ತು. ಬುದ್ಧನಿಗೆ ಶರಣು ಹೋಗುವ ಸಾಲುಗಳನ್ನು ಅವರು ಹೇಳಿದಂತೆ ನಾನೂ ತೊದಲಿದೆ.

ಆಗ ದಾರ ಜಗ್ಗಿತು. ಬಿಂದಿಗೆಯ ಕಡೆಯಿಂದಲ್ಲ, ಹೊಸ್ತಿಲ ಕಡೆಯಿಂದ. ಎರಡು ಸಲ.

ನನ್ನನ್ನು ಕೇಳದೆ ಬೆರಳುಗಳು ದಾರ ಸಡಿಲ ಬಿಟ್ಟವು. ಆಮೇಲೆ ತಿರುಗಿ ನೋಡಿದೆ. ಕೂಸಿಲ್ಲ, ಬೆಕ್ಕಿಲ್ಲ, ಗಾಳಿಯೂ ಇಲ್ಲ. ತುದಿ ಮಾತ್ರ ಹೊಸ್ತಿಲು ದಾಟಿ ಹೊರಗೆ ಬಿದ್ದಿತ್ತು. ಅರ್ಥ ಗೊತ್ತಿಲ್ಲದ ಆ ಮಾತುಗಳನ್ನೇ ಎಲ್ಲರಿಗಿಂತ ಜೋರಾಗಿ ಹೇಳತೊಡಗಿದೆ. ಕಮಲವ್ವ ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು.

ಪಾಠ ಮುಗಿಯುವ ಮೊದಲೇ ಅಳಿಯನ ಫೋನು ಬಂತು. ಸುಮಿತ್ರಾ ಕಣ್ಣು ಬಿಟ್ಟಿದ್ದಳು. ಏನೋ ಕನವರಿಸ್ತಾಳ್ರಿ ಎಂದು ನಗುತ್ತಾ, ಅಳುತ್ತಾ, ಅವಳ ಮೊದಲ ಮಾತು ಹೇಳಿದ: "ಅವ್ವಗ ಹೇಳ್ರಿ, ದಾರ ಬಂತು."

ಡಾಕ್ಟರು ಔಷಧ ಎಂದರು, ಕಮಲವ್ವ ಪಾಠ ಎಂದಳು. ಇಬ್ಬರಿಗೂ ತಲೆಯಾಡಿಸಿದೆ. ಔಷಧಕ್ಕೆ ಜ್ವರ ಇಳಿದೀತು, ದಾರ ಜಗ್ಗೀತೆ? ನನಗೆ ತಿಳಿಯದು. ಸುಮಿತ್ರಾಗೆ ಏನೂ ನೆನಪಿಲ್ಲ.

ಈಗ ಅಂಗಡಿಯಲ್ಲಿ ದಾರ ಎರಡು ಸಲ ಜಗ್ಗಿದರೆ ನಾನು ಮೊದಲು ತಲೆ ಎತ್ತುತ್ತೇನೆ. ಅವಳು ಎದುರಿಗೆ ಕೂತಿದ್ದಾಳೆ ಎಂದು ನೋಡಿಕೊಂಡೇ ಬಿಡುತ್ತೇನೆ.

"ಯಾಕಬೇ, ಕೈ ಭಾಳ ನಿಧಾನ ಆಗ್ಯಾವ," ಎಂದು ಬೈಯುತ್ತಾಳೆ.