ರೈಲಿಗೆ ಮುಂಚಿನ ಜವಳ

ಈ ಸಂಗತಿಯನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಒಮ್ಮೆ ಹಲ್ಲುನೋವು, ಒಮ್ಮೆ ಯಾರದೋ ಮದುವೆ, ಏನೂ ಇಲ್ಲದಿದ್ದರೆ ಕರೆಂಟು ಹೋದದ್ದು; ಎಸ್ಸೆಸ್ಸೆಲ್ಸಿಯಷ್ಟೇ ಓದಿದವನಾದರೂ ನೆಪ ಹುಡುಕುವುದರಲ್ಲಿ ನಾನು ಪಂಡಿತ.

ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಬೀಜ ಮಾರುವ ನನ್ನ ಮಗ ಬಸವರಾಜನಿಗೆ ಬೀಜದ ಕಂಪನಿಯೊಂದು ಸ್ವಿಟ್ಜರ್ಲೆಂಡಿಗೆ ಗಂಡಹೆಂಡಿರ ವಿಮಾನದ ಟಿಕೆಟ್ಟನ್ನು ಬಹುಮಾನವಾಗಿ ಕೊಟ್ಟಿತು. ಇಳಿದ ಮೇಲೆ ತಿರುಗಾಡುವುದು ಅವರವರ ಹಣೆಬರಹ. ಮೂರು ವರ್ಷದ ಮಗನನ್ನೂ ಕರೆದುಕೊಂಡು ಬೇಸಿಗೆಯಲ್ಲಿ ರೈಲಿನಲ್ಲೇ ದೇಶ ಸುತ್ತುತ್ತೇನೆಂದು ಇವನು ಹಟ ಹಿಡಿದ. ಕೊಟ್ಟೂರಿನ ಕಡೆಯಿಂದ ಬರುವ ರೈಲನ್ನು ತೋರಿಸದೆ ನನ್ನ ಮೊಮ್ಮಗನಿಗೆ ಅನ್ನ ಇಳಿಯುವುದಿಲ್ಲ, ಅದೇ ಕಾರಣ.

ಅಂದಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಮಗ ಮೊಬೈಲಿನಲ್ಲಿ ರೈಲಿಗೆ ರೈಲು ಜೋಡಿಸುವುದು, ಸೊಸೆ ಕವಿತಾ ಅದನ್ನು ಕಳಚುವುದು. ತಳ್ಳುಗಾಡಿ, ಸಜ್ಜೆ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿ, ನಿದ್ದೆಗಣ್ಣಿನ ಕೂಸು, ಇಷ್ಟನ್ನೂ ಹೊತ್ತು ಒಂದು ಗಾಡಿಯಿಂದ ಇನ್ನೊಂದಕ್ಕೆ ಓಡುವುದು ಹೇಗೆಂದು ನಾನು ಕೇಳಿದೆ.

“ಅಲ್ಲಿ ರೈಲು ಗಡಿಯಾರ ನೋಡಿ ಬರ್ತಾವಪ್ಪ.”

“ನಿನ್ನ ಮಗ ಗಡಿಯಾರ ನೋಡಿ ಉಚ್ಚಿ ಹೊಯ್ತಾನೇನಲೇ?”

ಇಷ್ಟರ ನಡುವೆ ಮೊಮ್ಮಗನ ಜವಳದ ಪ್ರಶ್ನೆ ಎದ್ದಿತು. ನಮ್ಮಲ್ಲಿ ಮಗುವಿನ ಮೊದಲ ಕೂದಲನ್ನು ಸೋದರಮಾವ ತೊಡೆಯ ಮೇಲೆ ಕೂಡಿಸಿಕೊಂಡು ಕತ್ತರಿಸಬೇಕು. ಅದು ಅವನ ಹಕ್ಕು. ಸೊಸೆಯ ಅಣ್ಣ ಗುಡೇಕೋಟೆಯವನು, ಬೇಸಿಗೆಯಲ್ಲಿ ಕುರಿಮಂದೆಯ ಜೊತೆ ನೀರಿದ್ದ ಕಡೆ ಹೋಗಿ ಮುಂಗಾರಿಗೆ ಮರಳುವವನು. ಇತ್ತ ಮೊಮ್ಮಗನ ಕೂದಲು ಹೆಗಲಿಗಿಳಿದಿತ್ತು; ಬಾಚಣಿಗೆ ಕಂಡರೆ ಸಾಕು, ಅವನು ಓಣಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ.

“ನಮ್ಮಣ್ಣಗ ಫೋನ್ ಮಾಡೀನಿ ಮಾವಾರ. ಕುರಿ ಯಾರಿಗಾದ್ರೂ ಒಪ್ಪಿಸಿ ಬರ್ತಾನ, ನಾಕು ದಿನ ತಡ್ಕೊಳ್ರಿ,” ಎಂದಳು ಸೊಸೆ.

“ಕುರಿ ಬಿಟ್ಟು ಬರೋ ಕುಳಾನ ಅವನು? ಅವ ಬರೋದ್ರಾಗ ಈ ಕೂದ್ಲು ಆ ದೇಶದ ರೈಲಿನ ಬಾಗಿಲಿಗೆ ಸಿಗಹಾಕ್ಕೊಂಡಿರ್ತಾವ,” ಎಂದೆ ನಾನು.

ರೈಲಿನ ಚರ್ಚೆ ಕೇಳಿ ಕೇಳಿ ತಲೆಕೆಟ್ಟಿದ್ದ ನಾನು, ಒಂದು ಕೆಲಸವಾದರೂ ಮುಗಿಯಲೆಂದು, ಸೊಸೆ ಅಂಗಡಿಗೆ ಹೋದ ಹೊತ್ತಿನಲ್ಲಿ ರೈಲು ತೋರಿಸುತ್ತೇನೆಂದು ಮಗುವಿಗೆ ಸುಳ್ಳು ಹೇಳಿ ಕ್ಷೌರದಂಗಡಿಗೆ ಹೊತ್ತುಕೊಂಡು ಹೋದೆ.

“ಸೋದರಮಾವ ಎಲ್ಲಿ ಯಜಮಾನ್ರ?” ಎಂದ ಕ್ಷೌರಿಕ.

“ಮಾವನ ಕೆಲಸ ನಾನಾ ಮಾಡ್ತೀನಿ, ಕತ್ತರಿ ಇತ್ತ ಕೊಡು,” ಎಂದೆ. ಮೊದಲ ಎಳೆ ನಾನು ಕತ್ತರಿಸಿದೆ, ಉಳಿದದ್ದನ್ನು ಅವನು ನುಣ್ಣಗೆ ಬೋಳಿಸಿದ.

ಸಂಜೆ ಮಗ ತಲೆಯ ಮೇಲೆ ಕೈ ಹೊತ್ತ. “ಯಪ್ಪಾ, ಜಡಿ ಹಾಕಿದ ಫೋಟೊ ವೀಸಾಕ್ಕ ಕೊಟ್ಟೀನಿ! ಈ ಬೋಳ ಯಾರು ಅಂತ ಕೇಳಿದ್ರ ಏನಂತ ಹೇಳ್ಲಿ?” ವೀಸಾ ಮಾಡಿಸುವ ಏಜೆಂಟನೂ ಹೊಸ ಫೋಟೊ ತನ್ನಿ, ದಿನ ಮುಂದೆ ಹೋಗುತ್ತದೆ ಎಂದ. ಜೋಡಿಸಿದ್ದ ರೈಲುಗಳೆಲ್ಲ ಮತ್ತೆ ಕಳಚಿಬಿದ್ದವು. ಸೊಸೆ ಮಾತ್ರ ಒಂದೇ ಮಾತು ಕೇಳಿದಳು:

“ಕೂದ್ಲು ಎಲ್ಲಿ ಮಾವಾರ?”

ದೇವರಿಗೆ ಒಪ್ಪಿಸಬೇಕಾದ ಕೂದಲು. ಅಂಗಡಿಯ ಕಸದಲ್ಲಿ ಬಿಟ್ಟುಬಂದಿದ್ದೆ.

ಮರುದಿನವೇ ಅವಳ ಅಣ್ಣ ಬಸ್ಸಿಂದ ಬಸ್ಸಿಗೆ ಹಾರಿ ಬಂದಿಳಿದ. ಕೈಯಲ್ಲಿ ಮಗುವಿಗೆ ಹೊಸ ಅಂಗಿ, ತೆಂಗಿನಕಾಯಿ, ಕಾಗದದಲ್ಲಿ ಸುತ್ತಿದ ಹೊಸ ಕತ್ತರಿ. ಬೋಳುತಲೆಯನ್ನು ಕಂಡು ಬಾಗಿಲಲ್ಲೇ ನಿಂತ. ಆಮೇಲೆ ಕತ್ತರಿಯನ್ನು ಹೆಗಲ ಮೇಲಿನ ಕಂಬಳಿಯೊಳಗೆ ಸರಿಸಿ, ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ತಲೆ ಸವರಿದ. “ತಂಪಾತೇನಲೇ ಅಳಿಯಾ?” ಎಂದು ನಕ್ಕ. ನನ್ನ ಮುಖ ನೋಡಿ, “ಕತ್ತರಿಸಿದ ಕುರಿಗೂ ಮತ್ತ ಉಣ್ಣೆ ಬರ್ತೈತಿ ಮಾವಾರ, ಮನಸಿಗಿ ಹಚ್ಚಿಕೋಬ್ಯಾಡ್ರಿ,” ಎಂದ. ಉಣ್ಣೆ ಮತ್ತೆ ಬರುತ್ತದೆ. ಮೊದಲ ಕೂದಲು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸಮಾಧಾನ ಹೇಳಬೇಕಾದವನು ನಾನು, ಹೇಳಿದವನು ಅವನು. ನಾನು ಕೇಳಿದ್ದಿಷ್ಟೇ: “ಆ ಕಡಿ ಮೇವು ಹೆಂಗೈತಿ?”

ಕೊನೆಗೂ ವೀಸಾ ಸಿಕ್ಕಿ, ಮಗ, ಸೊಸೆ, ಮೊಮ್ಮಗ ಆ ದೇಶದ ಬೆಟ್ಟವೇರುವ ರೈಲು ಹತ್ತಿ ಇಳಿದು, ಚಟ್ನಿಪುಡಿ ಮುಗಿಸಿಕೊಂಡು ಬಂದರು. ಮಳೆಯೂ ಬಂತು, ಮಂದೆಯೂ ಬಂತು. ಅವನು ಈಗಲೂ ಬರುತ್ತಾನೆ, ಮಾವಾರ ಎನ್ನುತ್ತಾನೆ. ನಾನು ಈಗಲೂ ಮೇವನ್ನೇ ವಿಚಾರಿಸುತ್ತೇನೆ. ಇಲ್ಲಿಯವರೆಗೆ ಸೋದರಮಾವ, ಸೊಸೆಯ ಅಣ್ಣ ಎಂದೇ ದಾಟಿಸಿದ್ದೂ ಅಂಜಿಕೆಯಿಂದಲೇ, ಓದುಗರೇ. ಹೆಸರು ಹಿಡಿದು ಕರೆದರೆ ಅದರ ಹಿಂದೆಯೇ ತಪ್ಪಾಯಿತೆಂಬ ಮಾತನ್ನೂ ಹೇಳಬೇಕಾಗುತ್ತದೆ. ಅವನ ಹೆಸರು ಮೈಲಾರಪ್ಪ.