ಮಂಡಿಗೆ ಹಿಡಿದ ಬೂಷ್ಟು

ಆಗೋದೇ ಇಲ್ಲ ಅಂದವರು ನನ್ನ ಸೋದರಮಾವ ವೆಂಕಟರಾಮಪ್ಪ. ಬೈರಕೂರಿನ ನಮ್ಮ ಮನೆಯಲ್ಲಿ ಕಾಫಿ ಹೀರುತ್ತಾ, ಅಮ್ಮನ ಊದಿದ ಮಂಡಿ ನೋಡಿ, "ಇವ್ಳು ಇನ್ನು ನಡೆಯೋದಾ? ಅಯ್ಯೇದಿ ಕಾದು ಕಣೇ, ಆಗೋ ಮಾತಲ್ಲ" ಎಂದರು. (ನಾನು ಡಿಗ್ರಿಗೆ ಸೇರಿದಾಗಲೂ ಇದೇ ಮಾತು, ಇದೇ ತೆಲುಗು. ನಮ್ಮ ವಂಶದ ಮೊದಲ ಪದವೀಧರೆ ನಾನು. ಅವರಿಗೆ ಕೊಟ್ಟ ಉತ್ತರ, ನನ್ನ ಡಿಗ್ರಿ ಸರ್ಟಿಫಿಕೇಟ್, ಗೋಡೆಯ ಮೇಲೆ ಫ್ರೇಮಿನಲ್ಲಿದೆ.)

ಈ ಸಲ ಮಾತ್ರ ನನಗೂ ಭಯವಿತ್ತು. ಅಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಆಪರೇಷನ್ ಮಾಡಿಸಿ ಮಂಡಿಯ ಕೀಲು ಬದಲಿಸಿಕೊಂಡು ಎಂಟು ತಿಂಗಳಾಗಿತ್ತು. ಮತ್ತೆ ಊತ, ನೋವು. ಎರಡು ಕೋರ್ಸ್ ಆಂಟಿಬಯೋಟಿಕ್ ನುಂಗಿದರೂ ಇಳಿಯಲಿಲ್ಲ. ಕೋಲಾರದ ಡಾಕ್ಟರು ಮಂಡಿಯ ನೀರು ತೆಗೆದು ಲ್ಯಾಬಿಗೆ ಕಳಿಸಿದರು. ಕಾದೂ ಕಾದೂ ರಿಪೋರ್ಟ್ ಬಂತು. ಫಂಗಸ್!

"ಹಂಗಂದ್ರೆ?" ಅಮ್ಮ ಕೇಳಿದಳು.

"ಬೂಷ್ಟು ಕಣಮ್ಮ."

"ಉಪ್ಪಿನಕಾಯಿಗೆ ಬರುತ್ತಲ್ಲ, ಅದಾ? ನಾನು ಒದ್ದೆ ಸೌಟೇ ಹಾಕಲ್ವಲ್ಲೇ!"

ಮಾವಿನ ಸೀಮೆಯವರಲ್ಲವೇ ನಾವು? ಬೂಷ್ಟು ಬಂದರೆ ಮೇಲಿನದನ್ನು ತೆಗೆದೆಸೆದು ಕೆಳಗಿನದನ್ನು ತಿನ್ನುತ್ತೇವೆ. ಪದವೀಧರೆಯಾದ ನಾನೂ ಡಾಕ್ಟರನ್ನು ಅದನ್ನೇ ಕೇಳಿದೆ. "ತೊಳೆದು ಬಿಟ್ರೆ ಸಾಲ್ದಾ ಸಾರ್?"

ಸಾಲದಂತೆ. ಕೃತಕ ಕೀಲಿಗೆ ಅದು ಪಾಚಿಯ ಹಾಗೆ ಅಂಟಿಬಿಡುತ್ತದೆ. ಕೀಲನ್ನೇ ತೆಗೆದು, ಆ ಜಾಗದಲ್ಲಿ ಔಷಧಿ ಬೆರೆಸಿದ, ಮೂಳೆಗೆಂದೇ ಇರುವ ಸಿಮೆಂಟಿನ ತುಂಡು ಇಡಬೇಕು. ತಿಂಗಳುಗಟ್ಟಲೆ ಮಾತ್ರೆ. ಸೋಂಕು ಹೋಗಿದೆ ಅನ್ನಿಸಿದರೆ ಮಾತ್ರ ಹೊಸ ಕೀಲು.

ಹೋಗದಿದ್ದರೆ?

"ನೋಡೋಣ" ಎಂದರು ಡಾಕ್ಟರು. ಆಪರೇಷನ್ನಿನ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಪ್ರತಿ ಸಾಲೂ ಅರ್ಥವಾಗುತ್ತಿತ್ತು, ಅದಕ್ಕೇ ಸಹಿ ಹಾಕಲಾಗಲಿಲ್ಲ.

ಕೊನೆಗೆ ಅಮ್ಮನೇ ಅಂದಳು: "ಜಾಡಿಗೇ ಹಿಡಿದಿದ್ರೆ ಮೇಲಿಂದು ತೆಗೆದು ಏನ್ ಬಂತು? ಖಾಲಿ ಮಾಡಿ, ತೊಳೆದು, ಬಿಸಿಲಿಗಿಟ್ಟು ಆಮೇಲೆ ತಾನೇ ಹೊಸದು ತುಂಬೋದು? ತೆಗೀಲಿ ಬಿಡೇ."

ಸಹಿ ಹಾಕಿದೆ.

ಕೀಲು ತೆಗೆದ ಮೇಲೆ ನಾಲ್ಕು ತಿಂಗಳು ವಾಕರ್. ಅವಳ ಹಣೆ ಮುಟ್ಟಿ ನೋಡದೆ ನಾನು ಕೆಲಸಕ್ಕೆ ಹೊರಟ ದಿನವಿಲ್ಲ. ಪ್ರತಿ ರಕ್ತಪರೀಕ್ಷೆಯ ರಿಪೋರ್ಟನ್ನೂ ಡಿಗ್ರಿ ರಿಸಲ್ಟಿನ ಹಾಗೆ ಕೊನೆಯ ಸಾಲಿನಿಂದ ಓದುತ್ತಿದ್ದೆ. ಅಂತೂ ಮತ್ತೊಂದು ಆಪರೇಷನ್ ಆಯಿತು, ಹೊಸ ಕೀಲು ಬಂತು. ಡಾಕ್ಟರು ಇನ್ನೂ ಪೂರ್ತಿ ನಗುತ್ತಿಲ್ಲ. ವರ್ಷಗಟ್ಟಲೆ ಚೆಕಪ್ಪಿಗೆ ಬರಬೇಕಂತೆ.

ಆದರೆ ಹೋದ ವಾರ, ಅಡುಗೆ ಕೆಲಸಕ್ಕೆ ವಾಪಸ್ ಹೋಗಲು ಬೇಕಾದ ಫಿಟ್‌ನೆಸ್ ಸರ್ಟಿಫಿಕೇಟ್ ಬರೆದುಕೊಟ್ಟರು. ಅಭ್ಯಾಸಬಲದಿಂದ ನಾನೇ ಕೈ ಚಾಚಿದೆ. ಅಮ್ಮ ನಡುವೆ ಕೈಹಾಕಿ ಕಸಿದುಕೊಂಡಳು.

"ಫ್ರೇಮ್ ಆಮೇಲೆ ಹಾಕಿಸೀಯಂತೆ. ಮೊದ್ಲು ನಿಮ್ಮ ಮಾವನ ಮನೆಗೆ ನಾನೇ ನಡ್ಕೊಂಡು ಹೋಗಿ ತೋರಿಸ್ಕೊಂಡು ಬರ್ತೀನಿ!"