ಜಗಲಿಯ ಎದುರು ಕಕ್ಕಸು

ನನ್ನ ತವರು ಶ್ರೀರಂಗಪಟ್ಟಣ. ಹೊಣಕೆರೆ ಕಡೆಯ ಹಳ್ಳಿಯಿಂದ ಸಂಬಂಧ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು: ಮನೆಯಲ್ಲಿ ಕಕ್ಕಸು ಇದೆಯಾ? ತೊಂಬತ್ತರ ದಶಕದ ಮೊದಲ ವರ್ಷಗಳು. ಆ ಊರಿನಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಮಾವನವರು ಎಲೆಅಡಿಕೆ ಮೆಲ್ಲುತ್ತಾ, "ಲಗ್ನದೊಳ್ಗೆ ಕಟ್ಟುಸ್ಬುಡ್ತೀನಿ, ಬುಡಿ" ಎಂದರು.

ಮಾತು ಉಳಿಸಿಕೊಂಡರು. ಆದರೆ ಕಟ್ಟಿಸಿದ್ದು ಮನೆಯ ಮುಂದೆ. ಹಿಂದುಗಡೆ ಅಡುಗೆಮನೆ ಇದೆ, ಅದರ ಪಕ್ಕ ಆ ಗಲೀಜು ಬೇಡ ಎಂದು ಅತ್ತೆ ಹಟ ಹಿಡಿದಿದ್ದರಂತೆ. ಹೀಗಾಗಿ ಅಂಗಳದ ಮೂಲೆಯಲ್ಲಿ, ಬಾಗಿಲು ನೇರವಾಗಿ ಜಗಲಿಯ ಕಡೆಗೇ ತೆರೆಯುವಂತೆ, ಸುಣ್ಣ ಬಳಿದ ಗೂಡೊಂದು ನಿಂತಿತ್ತು. ಮದುವೆಗೆ ತಂದ ಮಾವಿನ ತೋರಣದಲ್ಲಿ ಅದಕ್ಕೂ ಒಂದು ತುಂಡು ಸಿಕ್ಕಿತ್ತು.

ಮೊದಲ ದಿನ ಬೆಳಿಗ್ಗೆ ಚೊಂಬು ಹಿಡಿದು ಹೊರಗೆ ಬಂದೆ. ಜಗಲಿಯ ಮೇಲೆ ಮಾವನವರೂ ಅಕ್ಕಪಕ್ಕದ ಗಂಡಸರೂ ಕಾಫಿ ಕುಡಿಯುತ್ತಾ ಕೂತಿದ್ದರು. ನನ್ನನ್ನು ಕಂಡೊಡನೆ ಮಾತು ನಿಂತಿತು.

"ಓಗವ್ವ, ಓಗು. ನಿಂಗೆ ಅಂತ್ಲೇ ಕಟ್ಸಿರೋದು" ಎಂದರು ಮಾವನವರು, ಹೆಮ್ಮೆಯಿಂದ.

ಎಲ್ಲರೂ ಆ ಬಾಗಿಲನ್ನೇ ನೋಡಿದರು. ನಾನು ಪಕ್ಕಕ್ಕೆ ತಿರುಗಿ, ಚೊಂಬಿನ ನೀರನ್ನು ಕನಕಾಂಬರದ ಗಿಡಕ್ಕೆ ಸುರಿದು ಒಳಗೆ ಬಂದುಬಿಟ್ಟೆ. ಮರುದಿನವೂ ಅದೇ ಆಯಿತು. "ನಿನ್ ಸೊಸೆ ಗಿಡ ಚೆಂದಾಗ್ ನೋಡ್ಕತಾಳೆ ಕಣ್ಲಾ" ಎಂದು ಪಕ್ಕದ ಮನೆಯವರು ಮಾವನವರಿಗೆ ಹೇಳಿದ್ದು ಕೇಳಿಸಿತು.

ಕೊನೆಗೆ ನಸುಕಿನಲ್ಲೇ ಎದ್ದು, ಅತ್ತೆಯ ಹಿಂದೆ ಕೆರೆ ಏರಿಯ ಕಡೆ ಹೋಗತೊಡಗಿದೆ.

"ಅಲ್ಲಾ ಕಣವ್ವ, ಪಟ್ಟು ಇಡ್ದು ಕಟ್ಟುಸ್ಕಂಡು ನೀನೂ ಬೇಲಿ ಸಂದಿಗೇ ಬತ್ತೀಯಲ್ಲ" ಎಂದರು ಅತ್ತೆ.

"ಜಗಲಿ ಮೇಲೆ ಅಷ್ಟು ಜನ ಕೂತಿರ್ತಾರಲ್ಲ ಅತ್ತೆ."

ಮಾರನೆಯ ಬೆಳಿಗ್ಗೆ, ಕಾಫಿಯ ಹೊತ್ತಿಗೆ ಸರಿಯಾಗಿ, ಅತ್ತೆ ತಾವೇ ಚೊಂಬು ಹಿಡಿದು ಅಷ್ಟು ಗಂಡಸರ ಮುಂದೆಯೇ ನಡೆದುಹೋಗಿ ಕಕ್ಕಸಿನ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು.

"ಇವ್ರೇ, ಆಲು ಡೈರಿಗೆ ಓಯ್ತಾ?"

ಮಾವನವರು ಲೋಟ ಕೆಳಗಿಟ್ಟರು. "ಓಯ್ತು."

"ಎಮ್ಮೆಗೆ ಉಲ್ಲು ಆಕುದ್ರಾ?"

"ಊಂ."

"ಬಂದೋರ್ಗೆಲ್ಲ ಕಾಪಿ ಸಾಕಾಯ್ತಾ? ಪಕ್ಕದ್ಮನೆ ಅಣ್ಣ ಬಂದವ್ನಾ? ಏನಣ್ಣಾ, ಅತ್ಗೆಮ್ಮಂಗೆ ಮಂಡಿನೋವು ಎಂಗದೆ?"

ಪಕ್ಕದ ಮನೆಯವರು ಟವೆಲು ಕೊಡವಿಕೊಂಡು ಎದ್ದರು. ಉಳಿದವರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಮಾವನವರಿಗೂ ಗದ್ದೆಯಲ್ಲಿ ಏನೋ ಕೆಲಸ ನೆನಪಾಯಿತು.

ಅತ್ತೆ ಹೊರಗೆ ಬಂದು, "ಈಗ ಓಗವ್ವ" ಎಂದರು.

ಅದೇ ವಾರ ಗಾರೆಯವನು ಬಂದು, ಬಾಗಿಲು ಕಿತ್ತು ಕಾಂಪೌಂಡು ಗೋಡೆಯ ಕಡೆಗೆ ತಿರುಗಿಸಿ ಕೊಟ್ಟ. ಆಮೇಲೆ ಹುಟ್ಟಿಕೊಂಡ ತೊಂದರೆಯೇ ಬೇರೆ. ಅತ್ತೆ ಒಳಗೆ ಹೋದರೆ ಹೊರಗೆ ಬರುತ್ತಲೇ ಇರಲಿಲ್ಲ. ಒಂದು ದಿನ ಕಾದು ಸಾಕಾಗಿ ಬಾಗಿಲು ತಟ್ಟಿದೆ.

"ಏನತ್ತೆ, ಇಷ್ಟೊತ್ತು?"

"ಈ ಮನೆಗೆ ಬಂದಾಗ್ಲಿಂದ ಒಬ್ಳೇ ಬಾಗ್ಲು ಆಕ್ಕಂಡು ಕೂತಿದ್ದೇ ಇಲ್ಲ ಕಣವ್ವ" ಎಂದರು ಒಳಗಿನಿಂದ. "ಇನ್ನೊಸಿ ಕೂತ್ಕತೀನಿ, ತಡಿ."